ಪ್ರಜೆಯಲ್ಲದ ಬಸುರಿಯ ಹಕ್ಕು

ತನ್ನ ಪ್ರಜೆಯಲ್ಲದ, ಕೈಯಲ್ಲಿ ಕೆಲಸವೂ ಇಲ್ಲದ ಗರ್ಭಿಣಿಗೆ ಒಂದು ಪ್ರಭುತ್ವವು ಏನನ್ನು ಕೊಡಲು ಬದ್ಧವಾಗಿದೆ ಎಂಬ ಪ್ರಶ್ನೆ ಲಂಡನ್ನಿಗೋ ಬರ್ಲಿನ್ನಿಗೋ ಸೇರಿದ್ದೆಂದು ಮೇಲ್ನೋಟಕ್ಕೆ ತೋರಬಹುದಾದರೂ ರಾಯಚೂರು ಜಿಲ್ಲೆಗೆ ಅದು ಹೊರಗಿನದಲ್ಲ. ರಾಯಚೂರಿನಿಂದ ನೀರಮಾನ್ವಿ, ಮಾನ್ವಿಗಳನ್ನು ದಾಟಿ ಮುಂದೆ ಸಾಗಿದರೆ ಸಿಗುವ ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ನೆಲೆ ಕಲ್ಪಿಸಿತು. ಜನರು ಇಂದಿಗೂ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಆ ವಸತಿಗಳಲ್ಲಿ ಭತ್ತ ಬೆಳೆದವರಲ್ಲಿ ಅನೇಕರು ದಶಕಗಳ ಕಾಲ ಪೌರತ್ವದ ಕಾಗದವಿಲ್ಲದೆಯೇ ಬದುಕಿದರು.

ಅಲ್ಲಿ ಹುಟ್ಟುವ ಕೂಸಿನ ಸ್ಥಾನಮಾನವನ್ನು 1955ರ ಪೌರತ್ವ ಕಾಯ್ದೆಯ ಮೂರನೆಯ ಸೆಕ್ಷನ್ ಹುಟ್ಟಿದ ದಿನಾಂಕದ ಮೇಲೆ ನಿರ್ಧರಿಸುತ್ತದೆ. 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪ್ರಜೆ. ಆ ಬಳಿಕ ಹುಟ್ಟಿದ್ದಾದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ್ದಾದರೆ ಒಬ್ಬರು ಪ್ರಜೆಯಾಗಿದ್ದರಷ್ಟೇ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಹೀಗಾಗಿ ಒಂದೇ ತಾಯಿಯ ಹಿರಿಯ ಮಗಳು ಪ್ರಜೆ, ಕಿರಿಯಳು ಪರಕೀಯಳು ಎಂಬ ಸ್ಥಿತಿ ಕಾನೂನಿನಲ್ಲಿ ಸಾಧ್ಯವಾಯಿತು. 2019ರ ತಿದ್ದುಪಡಿಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದ ನಂತರ ಈ ಕ್ಯಾಂಪ್‌ಗಳ ಕೆಲವರಿಗೆ ಪೌರತ್ವ ದೊರೆಯಿತು. ಅಲ್ಲಿಯವರೆಗಿನ ಬಸಿರು ಬಾಣಂತನಗಳು ಮಾತ್ರ ಯಾವ ನಿಯಮಕ್ಕೂ ಕಾಯಲಿಲ್ಲ.

ಹೆರಿಗೆಯ ನೆರವನ್ನು ಪಡೆಯಲು ಪ್ರಭುತ್ವಗಳು ಸಾಮಾನ್ಯವಾಗಿ ಮೂರು ನಂಟುಗಳಲ್ಲಿ ಒಂದನ್ನಾದರೂ ಕೇಳುತ್ತವೆ: ದೇಶದ ನಂಟು, ದುಡಿಮೆಯ ನಂಟು, ಗಂಡನ ನಂಟು. ಈ ಮೂರರಲ್ಲಿ ದುಡಿಮೆಯ ನಂಟು ಎಲ್ಲಕ್ಕಿಂತ ನ್ಯಾಯವಾದದ್ದೆಂದು ಕಾಣುತ್ತದೆ, ಏಕೆಂದರೆ ಅದು ಜಾತಿಯನ್ನಾಗಲಿ ಹುಟ್ಟನ್ನಾಗಲಿ ಕೇಳದೆ ಬೆವರನ್ನಷ್ಟೇ ಕೇಳುತ್ತದೆ. ಆದರೆ ಗರ್ಭಿಣಿಯ ವಿಷಯದಲ್ಲಿ ಇದೇ ಅತ್ಯಂತ ವಿಚಿತ್ರವಾದ ಷರತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನಗಳ ದುಡಿಮೆಯನ್ನು ಬೇಡುತ್ತಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಫಲಾನುಭವಿಯಾಗಿ ಹೆಸರು ನೋಂದಾಯಿಸಲು 90 ದಿನ ಬೇಕಿತ್ತು. ದೇವದುರ್ಗ, ಮಾನ್ವಿಗಳಿಂದ ಗುಳೆ ಹೋಗುವ, ಅಂದರೆ ಮಳೆ ಕೈಕೊಟ್ಟಾಗ ಊರು ಬಿಟ್ಟು ಬೆಂಗಳೂರಿನ ಕಟ್ಟಡಗಳಿಗೆ ದುಡಿಯಲು ತೆರಳುವ ಹೆಣ್ಣುಮಗಳು, ಇಟ್ಟಿಗೆ ಹೊರಲಾರದೆ ನಾಲ್ಕನೆಯ ತಿಂಗಳಿಗೇ ಕೆಲಸ ಬಿಟ್ಟಳೆಂದರೆ ಈ ಲೆಕ್ಕದಿಂದ ಜಾರಿಹೋಗಬಹುದಿತ್ತು. ನೆರವು ಬೇಕಾಗುವಂತೆ ಮಾಡಿದ ಕಾರಣವೇ ನೆರವನ್ನು ತಪ್ಪಿಸುವ ಕಾರಣವೂ ಆಗುವುದು ತರ್ಕದೋಷ.

ಈ ದೋಷವನ್ನು ನೇರವಾಗಿ ಎದುರಿಸಿದ್ದು ಐರೋಪ್ಯ ಒಕ್ಕೂಟದ ನ್ಯಾಯಾಲಯ. ಬ್ರಿಟನ್ನಿನಲ್ಲಿ ದುಡಿಯುತ್ತಿದ್ದ ಫ್ರೆಂಚ್ ಮಹಿಳೆಯೊಬ್ಬರು ಶಿಶುವಿಹಾರದ ಮಕ್ಕಳನ್ನು ನೋಡಿಕೊಳ್ಳುವುದು ಮೈಗೆ ಭಾರವಾಗಿ, ಸುಮಾರು ಆರು ತಿಂಗಳ ಗರ್ಭಿಣಿಯಾಗಿದ್ದಾಗ, 2008ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟರು. ಈಗ ಆಕೆ ಕಾರ್ಮಿಕಳೂ ಅಲ್ಲ, ಕೆಲಸ ಹುಡುಕುವವಳೂ ಅಲ್ಲ, ಆದ್ದರಿಂದ ಆದಾಯ ನೆರವಿಗೆ ಅರ್ಹಳಲ್ಲ ಎಂದು ಅಲ್ಲಿನ ಇಲಾಖೆ ಅರ್ಜಿಯನ್ನು ತಿರಸ್ಕರಿಸಿತು. ಸೇಂಟ್ ಪ್ರಿ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 2014ರ ಜೂನ್ 19ರಂದು ಬಂದ ತೀರ್ಪು, ಗರ್ಭಾವಸ್ಥೆಯ ಕೊನೆಯ ಹಂತದ ಮತ್ತು ಹೆರಿಗೆಯ ನಂತರದ ದೈಹಿಕ ಕಷ್ಟದಿಂದ ಕೆಲಸ ಬಿಟ್ಟವಳು, ಹೆರಿಗೆಯಾದ ಮೇಲೆ ಸಮಂಜಸವಾದ ಅವಧಿಯೊಳಗೆ ಕೆಲಸಕ್ಕೆ ಮರಳುವುದಾದರೆ, ನಡುವೆಯೂ ಕಾರ್ಮಿಕಳಾಗಿಯೇ ಉಳಿಯುತ್ತಾಳೆ ಎಂದಿತು. ತೀರ್ಪು ಉದಾರವಾದದ್ದು, ಆದರೆ ಅದು ದುಡಿಮೆಯ ನಂಟನ್ನು ಹಿಗ್ಗಿಸಿತೇ ಹೊರತು ಬಿಡಲಿಲ್ಲ. ಎಂದೂ ಕೂಲಿಗೆ ಹೋಗದ ಬಸುರಿಯ ಪ್ರಶ್ನೆ ಹಾಗೆಯೇ ಉಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ಜರ್ಮನಿಯ ಡಾನೊ ಪ್ರಕರಣದಲ್ಲಿ, ಕೆಲಸ ಮಾಡದ, ಹುಡುಕಲೂ ಹೋಗದ ಪರದೇಶಿಗೆ ಜೀವನಾಧಾರದ ನೆರವನ್ನು ನಿರಾಕರಿಸಬಹುದೆಂದು ಅದೇ ನ್ಯಾಯಾಲಯ ಒಪ್ಪಿತು.

ಭಾರತದ ಕಾನೂನು ಒಂದು ಕಡೆ ಇದಕ್ಕಿಂತ ಮುಂದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಾಲ್ಕನೆಯ ಸೆಕ್ಷನ್, ಕೇಂದ್ರದ ಯೋಜನೆಗಳಿಗೆ ಒಳಪಟ್ಟು, ಪ್ರತಿಯೊಬ್ಬ ಗರ್ಭಿಣಿಗೆ ಮತ್ತು ಹಾಲೂಡಿಸುವ ತಾಯಿಗೆ ಅಂಗನವಾಡಿಯ ಮೂಲಕ ಊಟವನ್ನೂ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವನ್ನೂ ಹೇಳುತ್ತದೆ. ಅಲ್ಲಿ ಪ್ರಜೆ ಎಂಬ ಮಾತಿಲ್ಲ, ದುಡಿಮೆಯ ಷರತ್ತೂ ಇಲ್ಲ, ಸರ್ಕಾರಿ ನೌಕರಿಯಲ್ಲಿರುವವರಿಗೆ ಮತ್ತು ಬೇರೆ ಕಾನೂನಿನಡಿ ಇಂಥದೇ ನೆರವು ಪಡೆಯುವವರಿಗೆ ಮಾತ್ರ ನಗದು ಇಲ್ಲ. ಆದರೆ 2017ರಲ್ಲಿ ಜಾರಿಯಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು ಮೊದಲ ಕೂಸಿಗೆ 5,000 ರೂಪಾಯಿ ಎಂದು ಕುಗ್ಗಿಸಿ, ಆಧಾರ್ ಬೇಡಿತು. ಆಧಾರ್ ಪೌರತ್ವದ ಪುರಾವೆಯಲ್ಲ, ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಾಗಿದ್ದವರ ಗುರುತು ಎಂದು 2016ರ ಕಾಯ್ದೆಯೇ ಹೇಳುವುದರಿಂದ ತತ್ತ್ವಶಃ ಪರದೇಶಿಗೂ ಬಾಗಿಲು ತೆರೆದೇ ಇದೆ. ಸುಮಾರು 280 ದಿನಗಳ ಬಸುರಿನಲ್ಲಿ 182 ದಿನ ಕಾಯಬೇಕೆಂದರೆ ಆ ಬಾಗಿಲು ಎಷ್ಟು ಅಗಲವೆಂಬುದು ಬೇರೆ ಮಾತು.

ಗಂಡನ ನಂಟಿನ ಕತೆಯೂ ಇಂಥದ್ದೇ. ಮಾತೃವಂದನಾ ಯೋಜನೆ ಮೊದಲು ಗಂಡನ ಆಧಾರ್ ಮತ್ತು ಒಪ್ಪಿಗೆಯನ್ನು ಕೇಳುತ್ತಿತ್ತು. 2022ರ ಮಾರ್ಗಸೂಚಿ ಒಂಟಿ ತಾಯಂದಿರನ್ನೂ ಗಂಡ ಬಿಟ್ಟವರನ್ನೂ ಗಮನದಲ್ಲಿಟ್ಟು ಅದನ್ನು ಕೈಬಿಟ್ಟಿತು. ಹೆಣ್ಣಿನ ಅರ್ಹತೆ ಗಂಡನಿಂದ ಹರಿದುಬಂದರೆ ಅವನ ಕಾಗದದ ಕೊರತೆಯೂ ಅವಳ ತಟ್ಟೆಗೇ ಬರುತ್ತದೆ. ಹರಿವು ತಿರುಗುಮುರುಗಾಗಬಹುದೆಂದು ಅದೇ ಐರೋಪ್ಯ ನ್ಯಾಯಾಲಯದ 2011ರ ಮಾರ್ಚ್‌ನ ಜಂಬ್ರಾನೊ ಪ್ರಕರಣ ತೋರಿಸಿತು: ಬೆಲ್ಜಿಯಂನಲ್ಲಿ ಹುಟ್ಟಿ ಅಲ್ಲಿನ ಪ್ರಜೆಗಳಾದ ಮಕ್ಕಳ ಕೊಲಂಬಿಯಾ ಮೂಲದ ತಂದೆಗೆ, ಅವನನ್ನು ಹೊರಹಾಕಿದರೆ ಮಕ್ಕಳೂ ಒಕ್ಕೂಟದ ನೆಲವನ್ನೇ ಬಿಡಬೇಕಾಗುತ್ತದೆ ಎಂಬ ಕಾರಣಕ್ಕೆ, ಅಲ್ಲಿ ವಾಸಿಸುವ ಮತ್ತು ದುಡಿಯುವ ಹಕ್ಕು ದೊರೆಯಿತು. ಸಂಗಾತಿಗೆ ಬೇಕಾದದ್ದು ಹೆಚ್ಚಾಗಿ ಇದೇ, ಭತ್ಯೆಗಿಂತ ಮಿಗಿಲಾಗಿ ದುಡಿಯಲು ಅನುಮತಿ.

ಬೊಕ್ಕಸ ಸೀಮಿತವಾದದ್ದು, ತನ್ನವರಿಗೇ ಸಾಲದಾಗ ಹೊರಗಿನವರಿಗೆ ಎಲ್ಲಿಂದ ಕೊಡುವುದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಭಾರತವು 1979ರಲ್ಲಿ ಒಪ್ಪಿದ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯೂ ತಾಯಂದಿರಿಗೆ ಹೆರಿಗೆಯ ಮುಂಚೆ ಮತ್ತು ನಂತರ ವಿಶೇಷ ರಕ್ಷಣೆ ಇರಬೇಕೆಂದು ಒಂದೆಡೆ ಹೇಳಿ, ಪರದೇಶಿಗರಿಗೆ ಆರ್ಥಿಕ ಹಕ್ಕುಗಳನ್ನು ಎಷ್ಟರಮಟ್ಟಿಗೆ ಕೊಡಬೇಕೆಂಬುದನ್ನು ಅಭಿವೃದ್ಧಿಶೀಲ ದೇಶಗಳ ವಿವೇಚನೆಗೆ ಬಿಡುತ್ತದೆ. ಆದರೆ ಈ ಆಕ್ಷೇಪ ಎರಡು ಬೇರೆ ವಸ್ತುಗಳನ್ನು ಬೆರೆಸುತ್ತದೆ. ಮನೆ, ಪಿಂಚಣಿ, ನಿರುದ್ಯೋಗ ಭತ್ಯೆಗಳು ದೀರ್ಘಕಾಲದ ಕೊಡುಕೊಳ್ಳುವಿಕೆಗೆ ಸೇರಿದವು. ಅಲ್ಲಿ ಸದಸ್ಯತ್ವವನ್ನು ಕೇಳುವುದು ತಪ್ಪಲ್ಲ. ಬಸುರಿಯ ಊಟ, ತಪಾಸಣೆ, ಹೆರಿಗೆಗಳು ತಮ್ಮ ಮಿತಿಯನ್ನು ತಾವೇ ಹೊತ್ತು ತಂದಿರುತ್ತವೆ. ಅವು ಮುಗಿಯುವ ದಿನ ಮೊದಲೇ ಗೊತ್ತು, ತಡಮಾಡಿ ಕೊಟ್ಟರೆ ಕೊಟ್ಟಂತಾಗುವುದಿಲ್ಲ, ಕೊಡದಿದ್ದರೆ ನಷ್ಟ ಅರ್ಜಿದಾರಳಲ್ಲದ ಇನ್ನೊಂದು ಜೀವಕ್ಕೂ ಆಗುತ್ತದೆ. ಸಂವಿಧಾನ 19ನೆಯ ವಿಧಿಯಲ್ಲಿ ನಾಗರಿಕರನ್ನೂ 21ರಲ್ಲಿ ಯಾವುದೇ ವ್ಯಕ್ತಿಯನ್ನೂ ಹೆಸರಿಸಿರುವುದು ಇಂಥದೇ ಭೇದದಿಂದ. 1996ರಲ್ಲಿ ಸುಪ್ರೀಂ ಕೋರ್ಟು ಅರುಣಾಚಲದ ಚಕ್ಮಾ ನಿರಾಶ್ರಿತರ ಜೀವರಕ್ಷಣೆಗೆ ಆದೇಶಿಸಿದ್ದು ಈ ಎರಡನೆಯ ವಿಧಿಯ ಬಲದಿಂದಲೇ.

ಈ ಸೀಮೆಯ ರೂಢಿ ಕಾನೂನಿಗಿಂತ ಮೊದಲೇ ಇದನ್ನು ಬಲ್ಲದು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಅವಳ ತಾಯಿ ಕಾರ್ಡು, ಅಂದರೆ ತಪಾಸಣೆಗಳನ್ನು ಬರೆದಿಡುವ ಆರೋಗ್ಯ ಇಲಾಖೆಯ ಪುಸ್ತಕ, ಗಂಡನ ಊರಿನದಾಗಿದ್ದರೂ ತವರಿನ ಆಶಾ ಕಾರ್ಯಕರ್ತೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸದಿಂದ ಹಿಂದೆ ಸರಿಯುವುದಿಲ್ಲ. ಮಾನ್ವಿಯವಳಿಗೆ ಸಲ್ಲುವ ಈ ರೂಢಿ ಸಿಂಧನೂರಿನ ಕ್ಯಾಂಪಿನವಳಿಗೆ ಸಲ್ಲದೆನ್ನಲು ಆಡಳಿತದ ಬಳಿ ದಿನಾಂಕಗಳಿವೆ, ಕಾರಣ ಸಿಗುವುದು ಕಷ್ಟ. ಬಾಣಂತನ ಮುಗಿದ ಮೇಲೆ ಅವಳ ವಾಸ್ತವ್ಯ, ಗಂಡನ ಅನುಮತಿ, ಕೂಸಿನ ಪೌರತ್ವಗಳ ಕಡತಗಳನ್ನು ಕಚೇರಿಗಳು ತೆರೆಯಬಹುದು; ಆ ವಿಚಾರಣೆಗೆ ಕಾಲಾವಕಾಶವಿದೆ, ಒಂಬತ್ತನೆಯ ತಿಂಗಳಿಗೆ ಇಲ್ಲ.