ಹೊಳೆಗೆ ಬಿಟ್ಟರೆ ಪುಣ್ಯವೇ?

ಸೆರೆಯಲ್ಲಿರುವ ಜೀವವನ್ನು ಬಿಡಿಸುವುದು ಪುಣ್ಯಕಾರ್ಯವೆಂದು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಪಂಜರದ ಗಿಳಿಯನ್ನು ಹಾರಬಿಟ್ಟವನನ್ನು ಮೆಚ್ಚುತ್ತೇವೆ. ಇದೇ ನಂಬಿಕೆಯಿಂದ, ಮನೆಯ ಅಕ್ವೇರಿಯಮ್ಮಿನಲ್ಲಿ ಗಪ್ಪಿ ಮೀನುಗಳು ಹೆಚ್ಚಾದಾಗ ಅವನ್ನು ಬಕೆಟ್ಟಿನಲ್ಲಿ ತುಂಬಿ ಕೆರೆಗೋ ಹೊಳೆಗೋ ಬಿಟ್ಟುಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಇದು ದಯೆಯೇ ಎಂಬುದು ನಮ್ಮ ಪ್ರಶ್ನೆ. ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಇಷ್ಟು ಸಣ್ಣ ಮೀನು ಸಾಕೇ ಎಂದು ಕೆಲವರು ನಗಬಹುದು, ನಗಲಿ.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ದ್ವೀಪ. 1859ರಲ್ಲಿ ಜರ್ಮನಿಯ ಪೀಟರ್ಸ್ ಎಂಬ ವಿದ್ವಾಂಸರು ಇದನ್ನು ಮೊದಲು ವರ್ಣಿಸಿದರಾದರೂ, ಟ್ರಿನಿಡಾಡಿನಿಂದ ಲಂಡನ್ನಿಗೆ ಮಾದರಿಗಳನ್ನು ಕಳುಹಿಸಿದ ಗಪ್ಪಿ ಎಂಬವರ ಹೆಸರೇ ಉಳಿಯಿತು. ಸೊಳ್ಳೆಯ ಮರಿಗಳನ್ನು ತಿನ್ನುವ ಗುಣದಿಂದಾಗಿ ಇದು ನಮ್ಮ ದೇಶಕ್ಕೂ ಬಂದಿತು.

ಇದನ್ನು ಸಾಕುವುದು ಕಷ್ಟವಲ್ಲ. ನಲವತ್ತು, ಐವತ್ತು ಲೀಟರಿನ ತೊಟ್ಟಿ, ಒಂದು ಫಿಲ್ಟರ್, ಸ್ವಲ್ಪ ಜಲಸಸ್ಯ ಇದ್ದರಾಯಿತು. ಆದರೆ ತೊಟ್ಟಿ ತಂದ ದಿನವೇ ಮೀನನ್ನೂ ತರುವುದು ತರವಲ್ಲ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ಕೆಲವು ವಾರಗಳು ಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು; ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಹೊಳೆಯಲ್ಲಿ ಮಳೆ, ಹರಿವು, ಕೆಸರು ತಾವಾಗಿಯೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಮ್ಮ ಕೈ ಮಾಡಬೇಕಾಗುತ್ತದೆ. ಗಾಜಿನ ಗೋಡೆ ಕಟ್ಟಿದವನು ಆ ಋಣವನ್ನೂ ಹೊತ್ತನೆಂದೇ ನಮ್ಮ ಅಭಿಪ್ರಾಯ.

ತೊಡಕು ಹುಟ್ಟುವುದು ಸಂತಾನದಲ್ಲಿ. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು. ಸುಮಾರು ತಿಂಗಳಿಗೊಮ್ಮೆ, ಹಲವು ಬಾರಿ ಇಪ್ಪತ್ತು ಮೂವತ್ತು ಮರಿಗಳನ್ನು ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಆ ಬೀಜವನ್ನು ಒಡಲಲ್ಲಿ ಕಾಪಿಟ್ಟುಕೊಂಡು, ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಅಂದರೆ ಹೊಳೆಗೆ ಬಿದ್ದ ಒಂದೇ ಒಂದು ಹೆಣ್ಣು ಒಂದು ವಂಶಕ್ಕೆ ಸಾಕು.

ಆ ಹೊಳೆ ಖಾಲಿಯಾಗಿಲ್ಲ. ಕಾಸರಗೋಡಿನ ನಮ್ಮ ತೋಡು, ಕೆರೆಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯುಳ್ಳ ಪುಟ್ಟ ಮೀನೊಂದಿದೆ; ಮಲಯಾಳದಲ್ಲಿ ಅದನ್ನು ‘ಮಾನತ್ತುಕಣ್ಣಿ’ ಎನ್ನುತ್ತಾರೆ, ಆಕಾಶಕ್ಕೆ ಕಣ್ಣು ನೆಟ್ಟದ್ದು ಎಂದು. ಅದೂ ಸೊಳ್ಳೆಯ ಮರಿಗಳನ್ನು ತಿಂದೇ ಬದುಕುವಂಥದು. ಅದರ ಅನ್ನಕ್ಕೂ ನೆಲೆಗೂ ನಾವು ಪರದೇಶದ ಪಾಲುದಾರನನ್ನು ತಂದು ಕೂರಿಸುತ್ತೇವೆ. ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಚಂದ್ರಗಿರಿ ಹೊಳೆಯಲ್ಲಿರುವ, ಕೆಂಪು ಗೆರೆಯ ‘ಮಿಸ್ ಕೇರಳ’ ಮೀನನ್ನು ಪರದೇಶದ ಅಕ್ವೇರಿಯಮ್ಮುಗಳಿಗಾಗಿ ಹಿಡಿದು ಹಿಡಿದು, ಅದು ಇಂದು ಅಳಿವಿನಂಚಿನ ಪಟ್ಟಿಗೆ ಸೇರಿದೆ. ಇಲ್ಲಿಯದನ್ನು ಅಲ್ಲಿಯ ಗಾಜಿಗೆ ಕಳುಹಿಸಿ, ಅಲ್ಲಿಯದನ್ನು ಇಲ್ಲಿಯ ಹೊಳೆಗೆ ಸುರಿಯುವುದು ಎಂಥ ವ್ಯಾಪಾರ! ಬಿಡುವವನ ಕಣ್ಣಿಗೆ ಬಿಟ್ಟ ಮೀನು ಕಾಣುತ್ತದೆ, ಸೊರಗುವ ಮೀನು ಕಾಣುವುದಿಲ್ಲ. ಕಂಡದ್ದಕ್ಕೆ ಮಾತ್ರ ಮರುಗುವ ದಯೆ ಅರ್ಧ ದಯೆ.

ಹಾಗಾದರೆ ಮರಿಗಳನ್ನು ಏನು ಮಾಡಬೇಕು? ತಾಯಿಮೀನೇ ಅವನ್ನು ತಿನ್ನುತ್ತದಲ್ಲ, ಪ್ರಕೃತಿಯ ನಿಯಮ, ನಾವೇಕೆ ನಡುವೆ ಬರಬೇಕು ಎನ್ನುವವರಿದ್ದಾರೆ. ಈ ವಾದವನ್ನು ನಾವು ಪೂರ್ತಿ ಒಪ್ಪಲಾರೆವು. ಹೊಳೆಯಲ್ಲಿ ಮರಿಗೆ ಕಲ್ಲಿನ ಸಂದು, ಬೇರಿನ ಮರೆ, ಓಡಲು ಹರವು ಇರುತ್ತದೆ. ಬರಿಯ ಗಾಜಿನಲ್ಲಿ ಓಡಲು ಎಡೆಯೆಲ್ಲಿ? ಅಲ್ಲಿ ತಿಂದ ಬಾಯಿ ತಾಯಿಯದಾದರೂ ದಾರಿ ಮುಚ್ಚಿದ ಕೈ ನಮ್ಮದು. ಸಸ್ಯ ದಟ್ಟವಾಗಿದ್ದರೆ ಅಡಗಬಲ್ಲವು ಅಡಗುತ್ತವೆ. ಉಳಿದವನ್ನು ಸಾಕುವ ಮನೆಗಳಿಗೆ ಕೊಡಬಹುದು, ಅಂಗಡಿಗೆ ಮರಳಿಸಬಹುದು. ಆದರೆ ನೆರೆಮನೆಯವರೂ ಎಷ್ಟೆಂದು ಇಸಿದುಕೊಂಡಾರು? ಮೂರನೆಯ ಸಲ ಡಬ್ಬ ಹಿಡಿದು ಹೋದರೆ ಬಾಗಿಲು ತೆರೆಯುವುದೇ ತಡವಾಗುತ್ತದೆ.

ಇದಕ್ಕಿಂತ ಸರಳವಾದ ದಾರಿಯೆಂದರೆ ಬರಿಯ ಗಂಡುಗಳನ್ನೇ ಸಾಕುವುದು. ಬಣ್ಣದ ಬಾಲವಿರುವುದೂ ಗಂಡಿಗೇ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಮಂಕು. ಜೋಡಿ ಬೇಡವೆಂದರೆ ಅಂಗಡಿಯವನು ವಿಚಿತ್ರವಾಗಿ ನೋಡಿಯಾನು. ಮನೆಯ ಮಕ್ಕಳಂತೂ ಮರಿ ಯಾವಾಗ ಹುಟ್ಟುತ್ತದೆಂದು ಕೇಳದೆ ಬಿಡುವುದಿಲ್ಲ. ಅವರಿಗೆ ಕಾರಣವನ್ನು ಹೇಳಿ, ಒಮ್ಮೆ ತೋಡಿನ ಬದಿಗೆ ಕರೆದೊಯ್ದು ಮಾನತ್ತುಕಣ್ಣಿಯನ್ನು ತೋರಿಸೋಣ.