ಎಳೆಯ ಪ್ರೇಮ ರುದ್ರನಾಟಕವಾಗುವ ಬಗೆ

ನಾಟಕದ ಕೊನೆಗೆ ನಾಯಕ ನಾಯಕಿಯರು ಸತ್ತ ಮಾತ್ರಕ್ಕೆ ಅದು ರುದ್ರನಾಟಕವಾಗುವುದಿಲ್ಲ. ಹಸೆಮಣೆ ಏರಬೇಕಾದ ಹುಡುಗ ಹಾವು ಕಚ್ಚಿ ಸತ್ತರೆ ಊರೆಲ್ಲ ಮರುಗುತ್ತದೆ, ಆದರೆ ಅದು ದುರಂತ ಘಟನೆಯಷ್ಟೆ. ರುದ್ರನಾಟಕಕ್ಕೆ ಇನ್ನೂ ಹೆಚ್ಚಿನದು ಬೇಕೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿವರಿಸಿದ. ಘಟನೆಗಳು ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟಬೇಕು. ದುಷ್ಟನಲ್ಲದ ವ್ಯಕ್ತಿ ತನ್ನದೇ ತಪ್ಪುಹೆಜ್ಜೆಯಿಂದ ಕೆಡಬೇಕು. ನೋಡುವವರಲ್ಲಿ ಕರುಣೆಯೂ ಭಯವೂ ಏಳಬೇಕು.

ಈ ವಿಚಾರ ಕನ್ನಡದಲ್ಲಿ ಬೇರೂರಲು ಮುಖ್ಯ ಕಾರಣ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯ. ಅವರು ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ (1926) ರಚಿಸಿದರು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ (1929) ಬರೆದರು. ಆದರೆ ದುರ್ಯೋಧನ, ಅಶ್ವತ್ಥಾಮರು ಛಲದ ವೀರರು. ಇನ್ನೂ ಹದಿನಾಲ್ಕು ತುಂಬದ ಜೂಲಿಯೆಟ್‌ಳಲ್ಲಿ ಅಂಥ ಯಾವ ತಪ್ಪನ್ನು ಹುಡುಕುವುದು?

ಉತ್ತರ ಷೇಕ್ಸ್‌ಪಿಯರ್‌ನ ‘ರೋಮಿಯೋ ಜೂಲಿಯೆಟ್’ನ ಮೂರನೆಯ ಅಂಕದಲ್ಲಿದೆ. ಆವರೆಗೆ ನಾಟಕ ಬಹುಪಾಲು ಹಾಸ್ಯ, ಸರಸಗಳಲ್ಲೇ ಸಾಗುತ್ತದೆ. ಹಗೆತನದ ಎರಡು ಮನೆಗಳ ಮಕ್ಕಳು ಗುಟ್ಟಾಗಿ ಮದುವೆಯಾಗಿದ್ದಾರೆ. ಜೂಲಿಯೆಟ್‌ಳ ಸೋದರಮಾವನ ಮಗ ಟಿಬಾಲ್ಟ್ ಬೀದಿಯಲ್ಲಿ ಕೆಣಕಿದರೂ ರೋಮಿಯೋ ಕತ್ತಿ ಎತ್ತುವುದಿಲ್ಲ, ಅವನೀಗ ನೆಂಟ. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗೆಳೆಯ ಮರ್ಕ್ಯೂಶಿಯೋ ಇದನ್ನು ಹೇಡಿತನವೆಂದು ತಿಳಿದು ತಾನೇ ಕಾದಾಟಕ್ಕಿಳಿಯುತ್ತಾನೆ. ಬಿಡಿಸಲು ನಡುವೆ ನುಗ್ಗಿದ ರೋಮಿಯೋನ ತೋಳಿನ ಕೆಳಗಿನಿಂದಲೇ ಟಿಬಾಲ್ಟ್‌ನ ಕತ್ತಿ ಗೆಳೆಯನನ್ನು ಇರಿಯುತ್ತದೆ. ಪ್ರೇಮ ತಂದ ಶಾಂತಿಯೇ ಕೊಲೆಗೆ ದಾರಿಯಾಯಿತು. ಮುಂದೆ ರೋಮಿಯೋನ ಸೇಡು, ಗಡೀಪಾರು, ಜೂಲಿಯೆಟ್‌ಳಿಗೆ ಬಲವಂತದ ಮದುವೆಯ ಸಿದ್ಧತೆ, ಅವಳನ್ನು ನಲವತ್ತೆರಡು ಗಂಟೆ ಸತ್ತಂತೆ ಮಲಗಿಸಲು ಪಾದ್ರಿಯೊಬ್ಬ ಕೊಟ್ಟ ಔಷಧ.

ಪ್ಲೇಗಿನ ಭಯದಿಂದ ಬಾಗಿಲು ಮುದ್ರೆಯಾಗಿ, ಈ ಉಪಾಯ ತಿಳಿಸುವ ಪಾದ್ರಿಯ ಪತ್ರ ರೋಮಿಯೋಗೆ ತಲುಪದೆ ಹೋದದ್ದು ಆಕಸ್ಮಿಕವಲ್ಲವೇ ಎಂಬ ಆಕ್ಷೇಪ ಹಳೆಯದು. ಆಕಸ್ಮಿಕವೇ ಸರಿ. ಆದರೆ ಎರಡು ಜೀವ ಒಂದು ಕಾಗದಕ್ಕೆ ಜೋತುಬೀಳುವಂತೆ ಮಾಡಿದ್ದು ಆ ಹಗೆತನ, ಅದು ಹೇರಿದ ಗುಟ್ಟು. ಪಾದ್ರಿಯದು ಸದುದ್ದೇಶ, ಪ್ರೇಮಿಗಳದು ಆತುರ. ದುಷ್ಟರೆಂದು ಬೆರಳಿಟ್ಟು ತೋರಿಸಲು ಯಾರೂ ಸಿಗುವುದಿಲ್ಲ.

ಪ್ರೇಮಿಗಳಿಬ್ಬರೂ ಸಾಯುವ ಈ ಅಂತ್ಯ ಕನ್ನಡದ ಹಳೆಯ ರಂಗಭೂಮಿಗೆ ಸಹಿಸಲಾರದಷ್ಟು ಕಠೋರವಾಗಿತ್ತು. ಇದರ ರೂಪಾಂತರವಾದ ‘ರಾಮವರ್ಮ ಲೀಲಾವತಿ’ಯಲ್ಲಿ ಪ್ರೇಮಿಗಳು ದೈವಕೃಪೆಯಿಂದ ಮತ್ತೆ ಬದುಕುತ್ತಾರೆ. ಪ್ರೇಕ್ಷಕರಿಗೆ ಸಮಾಧಾನವಾಯಿತು, ಆದರೆ ಹಗೆತನದ ಬೆಲೆ ಯಾರೂ ತೆರಬೇಕಾಗಲಿಲ್ಲ.

ಮನೆಯವರ ಒಪ್ಪಿಗೆಯಿದ್ದಲ್ಲಿ ಎಳೆಯ ಪ್ರೇಮ ಬೇರೆಯೇ ಬಣ್ಣ ತಾಳುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಅದಕ್ಕೆ ಸಾಕ್ಷಿ. ಅಲ್ಲಿನ ಅಳಿಯನಿಗೆ ಮಾವನ ಮನೆಯ ಬಾಗಿಲು ತೆರೆದೇ ಇರುತ್ತದೆ.

ಸಾವಿಲ್ಲದೆಯೂ ರುದ್ರದ ಹತ್ತಿರ ಹೋಗಬಹುದೆಂದು ತೋರಿಸಿದವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್. ಎರಡು ನ್ಯಾಯಗಳು ಎದುರುಬದುರಾಗುವುದೇ ರುದ್ರದ ಮೂಲವೆಂದು ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ವಾದಿಸಿದ್ದ. ಪುತಿನ ಅವರ ಗೀತನಾಟಕ ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣ ಮಧುರೆಗೆ ಹೊರಡಲೇಬೇಕು, ಕಂಸನ ಕಾಟ ಮುಗಿಯಬೇಕು. ಗೋಪಿಯರ ಒಲವಿನಲ್ಲೂ ದೋಷವಿಲ್ಲ. ಯಾವ ಪತ್ರ ಸಕಾಲಕ್ಕೆ ತಲುಪಿದರೂ ಈ ಅಗಲಿಕೆ ತಪ್ಪುತ್ತಿರಲಿಲ್ಲ.