ಕಾಯುವ ಹೊತ್ತು ಯಾರದು?

ಹೊತ್ತಿನ ಲೆಕ್ಕವೂ ದುಡಿಮೆಯ ಲೆಕ್ಕವೂ ಒಂದೆಯೆ ಎಂಬ ಪ್ರಶ್ನೆ ಹಳೆಯದು. ಹಿಂದೆ ಮೇಸ್ತ್ರಿಯ ಹಾಜರಿ ಪುಸ್ತಕವು ಇದಕ್ಕೆ ಉತ್ತರ ಹೇಳುತ್ತಿದ್ದಿತು. ಇಂದು ಅಂತರ್ಜಾಲದಲ್ಲಿ ನಡೆಯುವ ಗಣಕಕ್ರಮವು ಹೇಳುತ್ತದೆ. ನೌಕರನು ಕೆಲಸಕ್ಕೆ ಬಂದ ಸಮಯವೊಂದು, ಬಿಟ್ಟ ಸಮಯವೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ದುಡಿಮೆಯ ಅವಧಿ ದೊರೆಯಿತೆಂದು ಅದರ ನಿಯಮ.

ಕಳೆಯುವ ಲೆಕ್ಕದಲ್ಲಿಯೂ ತೊಡಕುಂಟು. ರಾತ್ರಿ 21 ಗಂಟೆಗೆ ತೊಡಗಿ ಮರುಬೆಳಿಗ್ಗೆ 6ಕ್ಕೆ ಮುಗಿದುದನ್ನು ಗಡಿಯಾರದ ಅಂಕಿಗಳಿಂದಲೇ ಕಳೆದರೆ 15 ಗಂಟೆಯ ಋಣಸಂಖ್ಯೆ ಬರುತ್ತದೆ. ತಾರೀಖನ್ನೂ ಜೊತೆಗಿಟ್ಟರೆ 9 ಗಂಟೆಯೆಂದು ಸರಿಹೋಗುತ್ತದೆ. ಇದಕ್ಕಾಗಿಯೇ ಅನೇಕ ಗಣಕಯಂತ್ರಗಳು 1970ರ ಜನವರಿ 1ರಿಂದ ಸಂದ ಸೆಕೆಂಡುಗಳನ್ನೆಣಿಸಿ ಸಮಯವನ್ನು ಗುರುತಿಸುತ್ತವೆ. ಗಣಿತದ ತಪ್ಪನ್ನು ಗಣಿತವೇ ತಿದ್ದಬಲ್ಲುದು. ಆದರೆ ಆ 9 ಗಂಟೆ ದುಡಿಮೆಯೋ ವಿಶ್ರಾಂತಿಯೋ ಎಂಬುದನ್ನು ಗಣಿತವು ಹೇಳಲಾರದು.

ಗುಂಡ್ಲುಪೇಟೆಯವರಿಗೆ ಇದು ಬರಿಯ ತರ್ಕವಲ್ಲ. ಬಂಡೀಪುರದ ಕಾಡನ್ನು ಹಾಯುವ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಮುಚ್ಚಿರುತ್ತವೆ. 2009ರಲ್ಲಿ ಬಂದ ಈ ನಿರ್ಬಂಧವನ್ನು 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ವನ್ಯಮೃಗಗಳ ಪ್ರಾಣರಕ್ಷಣೆಗೆ ಇದು ಯುಕ್ತವೇ ಸರಿ. ಇನ್ನು ಚಾಮರಾಜನಗರದಲ್ಲಿ ತರಕಾರಿಯನ್ನು ಹೇರಿಕೊಂಡು ಸಂಜೆ 7ಕ್ಕೆ ಹೊರಟ ಲಾರಿಯ ಚಾಲಕನೊಬ್ಬನು 9ಕ್ಕೆ ತುಸು ಮೀರಿ ತಪಾಸಣೆಯ ಗೇಟನ್ನು ಮುಟ್ಟಿದನೆಂದು ಭಾವಿಸೋಣ. ಬೆಳಗಾಗುವ ವರೆಗೆ ಅವನು ಅಲ್ಲಿಯೇ ನಿಲ್ಲಬೇಕು. 8ಕ್ಕೆ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಸರಕನ್ನು ಒಪ್ಪಿಸಬೇಕು. ಎರಡು ಸಮಯಗಳ ಅಂತರ 13 ಗಂಟೆ. ಚಕ್ರ ಉರುಳಿದುದು ಸುಮಾರು 4 ಗಂಟೆ. ಇವೆರಡರಲ್ಲಿ ಕೂಲಿಗೆ ಯೋಗ್ಯವಾದುದು ಯಾವುದು?

ರಸ್ತೆಯನ್ನು ಮುಚ್ಚಿದವನು ತಾನಲ್ಲ, ನಿದ್ರೆಗೆ ಸಂಬಳವೇಕೆ ಎಂದು ಯಜಮಾನನು ಕೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ನಿದ್ರೆ ಎಂತಹದು? ಮನೆಯಲ್ಲಿ ಮಲಗಿದವನು ತನ್ನ ಹೊತ್ತಿಗೆ ತಾನೇ ಒಡೆಯ. ಲಾರಿಯಲ್ಲಿ ಒರಗಿದವನಿಗೆ ಸರಕಿನ ಹೊಣೆಯಿದೆ, ವಾಹನದ ಕಾವಲಿದೆ. ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲ. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆಯು ಕೆಲಸಗಾರನು ಯಜಮಾನನ ಅಧೀನದಲ್ಲಿರುವ ಹೊತ್ತನ್ನೇ ಕೆಲಸದ ಹೊತ್ತೆಂದು ಕರೆದು, ದಿನಕ್ಕೆ 8 ಗಂಟೆಯ ಮಿತಿಯನ್ನಿಟ್ಟಿದ್ದಿತು. ಬೆವರು ಹರಿಯಿತೇ ಎಂಬುದಕ್ಕಿಂತ ಹೊತ್ತು ಯಾರ ವಶದಲ್ಲಿತ್ತು ಎಂಬುದನ್ನು ನೋಡುವುದೇ ನ್ಯಾಯದ ದಾರಿ.

ಆದುದರಿಂದ ಗಣಕಕ್ರಮವನ್ನು ರಚಿಸುವವರು ಬರುವ ಹೋಗುವ ಸಮಯಗಳೆರಡಕ್ಕೇ ನಿಲ್ಲದೆ, ಕಾವಲು, ಬಿಡುವು ಎಂಬ ಅಂಕಣಗಳನ್ನೂ ಇಡುವುದು ಉಚಿತ. ಲಾರಿಯನ್ನು ಬೇರೆಯವರ ವಶಕ್ಕೊಪ್ಪಿಸಿ ಮಲಗಿದ ಹೊತ್ತು ಬಿಡುವಾಗಲಿ. ಅದನ್ನು ಕಾಯುತ್ತ ಕಳೆದ ಹೊತ್ತು ದುಡಿಮೆಯಾಗಲಿ. ಆ ಲೆಕ್ಕವನ್ನು ಚಾಲಕನು ನೋಡುವಂತಿರಬೇಕು, ಒಪ್ಪದಿದ್ದರೆ ಆಕ್ಷೇಪಿಸುವಂತಿರಬೇಕು. ಹಾಗಿಲ್ಲದೆ ‘ಯಂತ್ರವು ಹೀಗೆ ತೋರಿಸಿತು’ ಎನ್ನುವವನು ತಾನೇ ಬರೆಸಿದ ನಿಯಮದ ಹಿಂದೆ ತಾನೇ ಅಡಗುತ್ತಾನೆ. ಯಂತ್ರವು ಕಳೆಯಬಲ್ಲುದು, ಯಾವುದನ್ನು ಕಳೆಯಬಾರದೆಂಬುದನ್ನು ಮನುಷ್ಯನೇ ಅರಿಯಬೇಕು.